ಮಲಿಕ್-ಎ-ಮೈದಾನದ ಬಾಯೊಳಗೆ

ಮಲ್ಲಸಮುದ್ರದಿಂದ ಮುಳಗುಂದ ರಸ್ತೆಗುಂಟ ಗದಗಕ್ಕೆ ಬಂದು ಸೊಲ್ಲಾಪುರ ಕಡೆಯ ರೈಲು ಹತ್ತಿದರೆ ಹೊಳೆಆಲೂರು, ಬಾದಾಮಿ, ಬಾಗಲಕೋಟೆ ದಾಟಿ ವಿಜಯಪುರ. ಇಳಿದವರೆಲ್ಲ ಗೋಳಗುಮ್ಮಟದತ್ತ ಹೊರಟರು. ನಾನು ಊರಿನ ಪಶ್ಚಿಮದ ಕೋಟೆಗೋಡೆಯ ಬುರುಜು ಹುಡುಕಿಕೊಂಡು ಹೋದೆ.

ಮೊದಲು ಕಂಡದ್ದು ಬಾಯಿ. ಸಿಂಹ ದವಡೆ ತೆರೆದಿದೆ, ಹಲ್ಲುಗಳ ನಡುವೆ ಆನೆಯೊಂದು ಸಿಕ್ಕು ನಲುಗುತ್ತಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಮಲಿಕ್-ಎ-ಮೈದಾನ ತೋಪಿದು. ಉದ್ದ 14 ಅಡಿಗೂ ಹೆಚ್ಚು, ತೂಕ ಸುಮಾರು 55 ಟನ್. ಬಿಸಿಲು ನೆತ್ತಿ ಸುಡುತ್ತಿತ್ತು. ಕೈಯಿಟ್ಟರೆ ಲೋಹ ತಣ್ಣಗಿದೆ! ಬೆರಳಗೆಣ್ಣಿನಿಂದ ಬಡಿದೆ. ಗಂಟೆಯ ದನಿ. ಗಂಟೆಯ ಎರಕಕ್ಕೂ ಬೇಕಾದದ್ದು ಅದೇ ತಾಮ್ರ, ಅದೇ ತವರ.

ಬಗ್ಗಿ ಒಳಗೆ ನೋಡಿದೆ. ಸುಮಾರು 28 ಅಂಗುಲದ ನಳಿಗೆ, ಒಳಗೋಡೆ ಗೀರಿಲ್ಲದ ನುಣುಪು. ಬಾಯಿಂದ ತುಂಬುವ ತೋಪಿನಲ್ಲಿ ಗುಂಡಿಗೂ ಗೋಡೆಗೂ ನಡುವೆ ಸಂದು ಬಿಡಲೇಬೇಕು. ಆ ಸಂದಿನಲ್ಲೇ ಮದ್ದಿನ ಬಲ ಸೋರಿಹೋಗುತ್ತದೆ. ಗುಂಡು ಗೋಡೆಗೆ ಬಡಿಯುತ್ತ ಸಾಗಿ, ಕೊನೆಯ ಬಡಿತ ಎತ್ತ ತಳ್ಳಿತೋ ಅತ್ತ ಹಾರುತ್ತದೆ. ಜರ್ಮನಿಯ ಬಂದೂಕು ಕಮ್ಮಾರರು ಅಷ್ಟರಲ್ಲಾಗಲೇ ಬೇಟೆಕೋವಿಯ ನಳಿಗೆಯೊಳಗೆ ಸುರುಳಿ ಗೀರು ಕೊರೆಯುವುದನ್ನು ಕಲಿತಿದ್ದರು. ಗೀರು ಕಚ್ಚಿದ ಗುಂಡು ಗಿರ್ರನೆ ತಿರುಗುತ್ತ ಹೊರಬೀಳುತ್ತದೆ, ತಿರುಗುವ ಗುಂಡು ತನ್ನ ಅಕ್ಷದಿಂದ ಸುಲಭಕ್ಕೆ ವಾಲುವುದಿಲ್ಲ. ಉದ್ದನೆಯ ಮೊನೆಗುಂಡು ಕೂಡ ಮೂತಿ ಮುಂದಿಟ್ಟೇ ಹಾರುವುದು ಇದರಿಂದ. ನಮ್ಮ ಅರ್ಜುನ್ ಟ್ಯಾಂಕಿನ 120 ಮಿ.ಮೀ. ನಳಿಗೆಯಲ್ಲೂ ಇರುವುದು ಇದೇ ಸುರುಳಿ.

ಅಲ್ಲಿಂದ ಉಪ್ಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಎತ್ತರ ಸುಮಾರು 80 ಅಡಿ. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಏರಿದಾಗ ಉಸಿರು ನಿಂತದ್ದು ಆಯಾಸಕ್ಕಲ್ಲ. ಎದುರಿಗೆ 30 ಅಡಿಯ ಕಬ್ಬಿಣದ ತೋಪು ಮಲಗಿತ್ತು! ಇದು ಎರಕವಲ್ಲ. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಸುತ್ತಲೂ ಜೋಡಿಸಿ, ಮೇಲೆ ಬಳೆ ಬಿಗಿದದ್ದು. ಸವರಿದರೆ ಬಳೆಗಳ ಅಂಚು ಒಂದೊಂದಾಗಿ ಬೆರಳಿಗೆ ಸಿಗುತ್ತವೆ. ನಮ್ಮ ಕಡೆ ಚಕ್ಕಡಿ ಗಾಲಿಗೆ ಕಾಸಿದ ಹಳಿ ತೊಡಿಸಿದರೆ ಅದು ಆರುತ್ತ ಆರುತ್ತ ಬಿಗಿಯುತ್ತದಲ್ಲ, ಬಿಸಿ ಬಳೆಯ ಹಿಡಿತಕ್ಕೂ ಅದೇ ನ್ಯಾಯ.

1850ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಆರ್ಮ್‌ಸ್ಟ್ರಾಂಗ್ ಹೊಸ ತೋಪು ಮಾಡಹೊರಟಾಗ ನೆಚ್ಚಿದ್ದೂ ಕಾಸಿ ತೊಡಿಸಿದ ಕಬ್ಬಿಣದ ಬಳೆಗಳನ್ನೇ. ಜೊತೆಗೆ ನಳಿಗೆಯೊಳಗೆ ಸುರುಳಿ ಗೀರು ಕೊರೆದ. ಗುಂಡಿಗೆ ಸೀಸದ ಹೊದಿಕೆ ಹಾಕಿ ಹಿಂದಿನಿಂದ ತುಂಬಿದ. ಮೆತ್ತಗಿನ ಸೀಸ ಗೀರುಗಳಿಗೆ ಒತ್ತಿಕೊಂಡು, ರೂಮಿ ಬಿಡಲೇಬೇಕಾಗಿದ್ದ ಸಂದನ್ನು ಮುಚ್ಚಿತು.