ಪರಿಮಳವಿಲ್ಲದ ಬಳ್ಳಿ

ಪರಿಮಳವಿಲ್ಲದ ಹೂವನ್ನು ಹೂವೆಂದು ಒಪ್ಪಿಕೊಳ್ಳುವುದು ಮಲ್ಲಿಗೆಯ ನಾಡಿನವರಾದ ನಮಗೆ ಸ್ವಲ್ಪ ಕಷ್ಟವೇ. ಅಮೆರಿಕದ ಉತ್ತರ ಕೆರೊಲೈನಾದಲ್ಲಿರುವ ನನ್ನ ಮಗಳ ಮನೆಯ ಬೇಲಿಯ ಮೇಲೆ ಈಗ ಅಂಥದೊಂದು ಬಳ್ಳಿ ಹಬ್ಬಿದೆ. ಕೋರಲ್ ಹನಿಸಕಲ್ ಎಂದು ಅದರ ಹೆಸರು. ಅಮೆರಿಕದ ಪೂರ್ವ ಮತ್ತು ದಕ್ಷಿಣ ಭಾಗಗಳೇ ಅದರ ತವರು.

ಮೊದಲು ಆ ಬೇಲಿಯಲ್ಲಿದ್ದುದು ಅದರ ದಾಯಾದಿಯಾದ ಜಪಾನಿ ಹನಿಸಕಲ್. ಬಿಳಿಯಾಗಿ ಅರಳಿ ಹಳದಿಗೆ ತಿರುಗುವ ಹೂವು. ಸಂಜೆಯಾದರೆ ಘಮಘಮಿಸುವ ಕಂಪು. ಮೂರು ವರ್ಷಗಳ ಹಿಂದೆ ನಾವು ಅಲ್ಲಿಗೆ ಹೋಗಿದ್ದಾಗ ನನ್ನ ಮನೆಯಾಕೆ ದಿನವೂ ಅದನ್ನು ಬಿಡಿಸಿ ದೇವರಿಗೆ ಏರಿಸುತ್ತಿದ್ದಳು. 1806ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿಗೆ ಬಂದ ಆ ಬಳ್ಳಿ ಇಂದು ಅಲ್ಲಿನ ಕಾಡುಗಳಿಗೆ ಕಂಟಕವಾಗಿದೆ ಎಂದು ಹೇಳಿ, ಮಗಳು ಅದನ್ನು ಕೀಳಿಸಲು ಹೊರಟಳು.

"ಹೊರಗಿನದೆಂದು ಕೀಳುವುದಾದರೆ, ನೀವು ಮಾತ್ರ ಇಲ್ಲಿಯವರೇನೇ?" ಎಂದು ತಾಯಿ ಕೇಳಿದಳು. ಮಗಳು ಮಾತನಾಡಲಿಲ್ಲ. ಆ ಪ್ರಶ್ನೆ ನನ್ನನ್ನೂ ಬಹಳ ದಿನ ಕಾಡಿತು.

ಬಳ್ಳಿಯನ್ನು ಬಿಡಿಸುವಾಗ ಒಳಗೆ ಉಸಿರುಗಟ್ಟಿ ಒಣಗಿದ್ದ ಒಂದು ಡಾಗ್‌ವುಡ್ ಸಸಿ ಸಿಕ್ಕಿತು. ಅದನ್ನು ಕಂಡಾಗ ನನಗೆ ನಮ್ಮ ಬಂಡೀಪುರದ ಲಂಟಾನ ನೆನಪಾಯಿತು. ಅಮೆರಿಕ ಖಂಡದಿಂದ ಬಂದ ಆ ಪೊದೆ ನಮ್ಮ ಕಾಡಿನಲ್ಲಿ ಹುಲ್ಲಿಗೂ ಎಳೆಯ ಸಸಿಗಳಿಗೂ ಎಡೆ ಕೊಡದೆ ಹಬ್ಬಿದೆ. ಹೊರಗಿನಿಂದ ಬಂದುದು ದೋಷವಲ್ಲ. ಇನ್ನೊಬ್ಬರಿಗೆ ಬಿಸಿಲು ಬೀಳದಂತೆ ಮಾಡುವುದು ದೋಷ. ಮನೆಯಾಕೆಗೆ ನಾನು ಹೇಳಿದ್ದು ಇಷ್ಟೇ. ಆಕೆ ಒಪ್ಪಿದಳೆಂದು ಹೇಳಲಾರೆ; ಆದರೆ ಹೊಸ ಸಸಿಗೆ ಮೊದಲ ತಂಬಿಗೆ ನೀರು ಹಾಕಿದವಳು ಆಕೆಯೇ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಅದು ತುಂಬ ಹೂಬಿಟ್ಟಿತ್ತು. ಹೊರಗೆ ಹವಳದ ಕೆಂಪು, ಒಳಗೆ ಹಳದಿ; ಸುಮಾರು ಐದು ಸೆಂಟಿಮೀಟರ್ ಉದ್ದದ ಸಪೂರ ಕೊಳವೆ. ಅದರ ತಳದ ಮಕರಂದಕ್ಕೆ ಜೇನುನೊಣದ ನಾಲಿಗೆ ನಿಲುಕದು. ಅಲ್ಲಿಗೆ ಬರುವುದು ಮಾಣಿಕ್ಯದ ಬಣ್ಣದ ಕೊರಳಿನ ಹಮ್ಮಿಂಗ್‌ಬರ್ಡ್. ನಮ್ಮ ಸೂರಕ್ಕಿ ಸಾಮಾನ್ಯವಾಗಿ ಕೊಂಬೆಯ ಮೇಲೆ ಕುಳಿತು ಹೂವು ಹೀರಿದರೆ, ಇದು ಗಾಳಿಯಲ್ಲೇ ನಿಂತು ಹೀರುತ್ತದೆ. ತೂಕ ಮೂರು ಗ್ರಾಮಿನ ಆಸುಪಾಸು. ಸೆಕೆಂಡಿಗೆ ಸುಮಾರು 50 ಬಾರಿ ರೆಕ್ಕೆ ಬಡಿತ. ಚಳಿಗಾಲವನ್ನು ಮಧ್ಯ ಅಮೆರಿಕದಲ್ಲಿ ಕಳೆದು, ಇವುಗಳಲ್ಲಿ ಅನೇಕವು ಮೆಕ್ಸಿಕೋ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರನ್ನು ಎಲ್ಲೂ ಇಳಿಯದೆ ದಾಟಿ ಬರುತ್ತವೆ. ಹಾಗೆ ಬಂದ ಹಸಿದ ಜೀವಕ್ಕೆ ಈ ಬಳ್ಳಿ ವಸಂತದ ಮೊದಲ ಊಟಗಳಲ್ಲಿ ಒಂದು. ಪರಿಮಳ ಅದಕ್ಕೆ ಬೇಕಿಲ್ಲ. ಕೆಂಪು ಕಂಡರೆ ಸಾಕು.

ಮನೆಯಾಕೆಗಾಗಿ ಮಗಳು ಒಂದು ಕುಂಡದಲ್ಲಿ ಮಲ್ಲಿಗೆಯನ್ನೂ ಬೆಳೆಸಿದ್ದಾಳೆ. ಚಳಿಗಾಲ ಬಂದರೆ ಅದು ಮನೆಯೊಳಗೆ ಇರುತ್ತದೆ.

ಆ ಕಡೆ ನೆಲೆಸಿರುವ ನನ್ನ ಶಿಷ್ಯರು ಯಾರಾದರೂ ಈ ಬಳ್ಳಿಯನ್ನು ನೆಡುವುದಾದರೆ, ಚೆನ್ನಾಗಿ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಿ. ಹಬ್ಬಲು ಚಪ್ಪರವನ್ನೋ ಬೇಲಿಯನ್ನೋ ಕೊಡಿ. ಹಿಂದಿನ ವರ್ಷದ ಕಾಂಡದಲ್ಲೇ ಹೆಚ್ಚು ಹೂಬಿಡುವುದರಿಂದ, ಹೂವು ಮುಗಿದ ಮೇಲೆಯೇ ಸವರಿ. ಹೇನು ಕಂಡರೂ ವಿಷ ಸಿಂಪಡಿಸಬೇಡಿ. ಆ ಹಕ್ಕಿ ತನ್ನ ಮರಿಗಳಿಗೆ ಉಣಿಸುವುದು ಸಣ್ಣ ಹುಳುಗಳನ್ನೇ.