ದಂಡೆ ಮೊದಲು, ನೀರು ಆಮೇಲೆ

ಚನ್ನರಾಯಪಟ್ಟಣದ ಆಚೆ ತೆಂಗಿನ ತೋಟದಲ್ಲಿ ಮನೆ ಕಟ್ಟಿಸುತ್ತಿರುವ ನೆಂಟರೊಬ್ಬರು ಪ್ಲಾನು ಹರವಿ ತೋರಿಸಿದರು. ಹಿತ್ತಲಲ್ಲಿ ಈಜುಕೊಳ: 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ. ಸುತ್ತ ಎರಡಡಿ ಟೈಲ್ಸು, ಅದರಾಚೆ ಕಾಂಪೌಂಡು. ಅಷ್ಟೇ. ಮೊಮ್ಮಕ್ಕಳು ನೀರಿಗಿಳಿದಾಗ ಅಜ್ಜಿ ಎಲ್ಲಿ ಕೂರಬೇಕು? ಒದ್ದೆ ಬಟ್ಟೆ ಎಲ್ಲಿ ಹರವಬೇಕು? ಈ ಪ್ರಶ್ನೆ ನನ್ನನ್ನು ಬಿಟ್ಟೇ ಇಲ್ಲ.

ನಮ್ಮ ಕಡೆಯ ಹಳೇ ಹಿತ್ತಲುಗಳಿಗೆ ಎಂಜಿನಿಯರ್ ಬಂದವನಲ್ಲ. ಆದರೂ ಬಾವಿಗೆ ಕಟ್ಟೆ ಇತ್ತು, ಕಟ್ಟೆಯ ಪಕ್ಕ ಬಟ್ಟೆ ಒಗೆಯುವ ಕಲ್ಲು, ಅಲ್ಲಿಂದ ಬಾಳೆಯ ಬುಡಕ್ಕೆ ಸಣ್ಣ ಕಾಲುವೆ. ಕೊಡ ಇಳಿಸಿದವರು ಕಟ್ಟೆ ಮೇಲೆ ಕೂತು ಊರ ಸುದ್ದಿಯನ್ನೆಲ್ಲ ಮುಗಿಸಿಯೇ ಏಳುತ್ತಿದ್ದರು. ನೀರು ಸೇದುವುದಕ್ಕಿಂತ ಕೂರುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ನೀರಿನ ಸುತ್ತ ಜಾಗ ಮಾಡುವುದು ಹೇಗೆಂದು ನೋಡಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿನದೇ ಆದ ಶ್ರವಣಬೆಳಗೊಳಕ್ಕೆ ಹೋಗಬೇಕು. ವಿಂಧ್ಯಗಿರಿ, ಚಂದ್ರಗಿರಿಗಳ ನಡುವೆ, ಊರೊಳಗೇ ಕಲ್ಯಾಣಿಯಿದೆ. ಕಟ್ಟಿಸಲು ತೊಡಗಿದವರು ಮೈಸೂರಿನ ಚಿಕ್ಕದೇವರಾಜ ಒಡೆಯರು; ಕೆಲಸ ಮುಗಿಯುವ ಮೊದಲೇ, 1704ರಲ್ಲಿ, ತೀರಿಕೊಂಡರು. ಟಂಕಸಾಲೆಯ ಅಧಿಕಾರಿ ಅಣ್ಣಯ್ಯ ಮುಂದೆ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದನ್ನು ಪೂರೈಸಿದ. ನಾಣ್ಯ ಎಣಿಸುವವನ ಕಣ್ಣು ನೀರಿನ ಮೇಲೂ ಬಿತ್ತಲ್ಲ, ಪುಣ್ಯಾತ್ಮ!

ಅಲ್ಲಿ ನಾಲ್ಕೂ ಕಡೆ ಮೆಟ್ಟಿಲು. ಮಳೆಗಾಲದಲ್ಲಿ ನೀರು ಏರಲಿ, ಬೇಸಿಗೆಯಲ್ಲಿ ಇಳಿಯಲಿ, ಕೂರಲು ಒಂದು ಮೆಟ್ಟಿಲು ನೀರಿನಂಚಿಗೇ ಸಿಗುತ್ತದೆ. ಬಡಗಣ ದಿಕ್ಕಿಗೆ ಕಂಬಗಳ ದೊಡ್ಡ ಮಂಟಪ. ಬಿಸಿಲಲ್ಲಿ ಬರಿಗಾಲಲ್ಲಿ ಬೆಟ್ಟ ಹತ್ತಿ, 58 ಅಡಿಯ ಗೊಮ್ಮಟನನ್ನು ನೋಡಿ ಇಳಿದವರಿಗೆ ನೆರಳಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಸುತ್ತ ಗೋಡೆ, ಗೋಡೆಗೆ ಗೋಪುರವಿರುವ ಬಾಗಿಲು. ಕೂರಲು, ನೆರಳಿಗೆ, ಕಾವಲಿಗೆ ಎಂದು ಇಷ್ಟೆಲ್ಲ ಕಲ್ಲು ಹೊತ್ತಿದ್ದಾರೆ. ಹಳೇಬೀಡಿನ ಹತ್ತಿರದ ಹುಲಿಕೆರೆ ಕೊಳದಲ್ಲಂತೂ ಹೊಯ್ಸಳರ ಕಾಲದವರು ಮೆಟ್ಟಿಲ ಸಾಲಿನಲ್ಲೇ ಪುಟ್ಟ ಪುಟ್ಟ ಗುಡಿ ಕೂರಿಸಿದ್ದಾರೆ. ಹೊಳೆನರಸೀಪುರದವರಿಗೆ ಹೇಮಾವತಿ ಇದ್ದಾಳೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಕಾವೇರಿಯೇ ಇದ್ದಾಳೆ. ಕೊಳದ ಚಿಂತೆ ಹೊಳೆಯಿಲ್ಲದ ಬಯಲಿನವರದು.

ಹಿತ್ತಲಿಗೆ ಮಂಟಪ ಬೇಕೆಂದು ಹೇಳುತ್ತಿಲ್ಲ. ಕೊಳದ ಒಂದು ಬದಿಗೆ ಅಗಲವಾದ ಮೆಟ್ಟಿಲಿರಲಿ. ಈಜು ಬಾರದ ಮಗು, ಮಂಡಿನೋವಿನ ಅಜ್ಜಿ ಇಬ್ಬರೂ ತಮಗೆ ತಕ್ಕ ಆಳ ಹುಡುಕಿಕೊಳ್ಳುತ್ತಾರೆ. ಪಡುವಣ ಬಿಸಿಲು ತಡೆಯುವಂತೆ ಒಂದು ಚಪ್ಪರ, ಅದರಡಿ ಕಲ್ಲಿನ ಜಗಲಿ. ನುಣುಪು ಟೈಲ್ಸು ಬೇಡವೇ ಬೇಡ, ಒರಟು ಕಲ್ಲು ಹಾಕಿಸಿ. ತೆಂಗಿನ ಮರದಿಂದ ದೂರವಿರಲಿ: ಗರಿ ಬಿದ್ದರೆ ಕಸ, ಕಾಯಿ ಬಿದ್ದರೆ ತಲೆ. ನೆಂಟರ ಪ್ಲಾನಿನ ಕೊಳ ಸುಮಾರು 22,600 ಲೀಟರ್ ನೀರು ಹಿಡಿಯುತ್ತದೆ. ಬೋರ್‌ವೆಲ್ ನಂಬಿದ ಊರಲ್ಲಿ ಅದನ್ನು ಪದೇ ಪದೇ ಚೆಲ್ಲುವುದು ತಪ್ಪು. ಸೋಸಿ ಬಳಸಲು ಪಂಪು, ಫಿಲ್ಟರಿಗೆ ಈಗಲೇ ಜಾಗ ಬಿಡಬೇಕು. ಫಿಲ್ಟರ್ ತೊಳೆದ ಕ್ಲೋರಿನ್ ನೀರು ನೇರ ಬಾಳೆಗೆ ಹೋಗಬಾರದು.

ಇನ್ನು ಬೇಲಿ. ಅದು ಕೊಳದ ಸುತ್ತಲೇ ಇರಬೇಕು, ಕಾಂಪೌಂಡು ಸಾಲದು. ಗೇಟು ತನ್ನಷ್ಟಕ್ಕೇ ಮುಚ್ಚಿಕೊಳ್ಳಬೇಕು, ಚಿಲಕ ಮಗುವಿನ ಕೈಗೆ ಎಟುಕಬಾರದು.