ಇಟಾಲಿಯನ್ ಊಟಕ್ಕೆ ಹೋದ ಅವ್ವ

ದೀಪಾವಳಿ ರಜೆಗೆ ಧಾರವಾಡಕ್ಕೆ ಬಂದ ಎರಡನೇ ದಿನವೇ ನಮ್ಮ ಕಾಲೇಜಿನ ವಾಟ್ಸ್ಆಪ್ ಗ್ರೂಪ್‌ನಲ್ಲಿ ಜಗಳ ಶುರು. ಅರ್ಧ ಮಂದಿಗೆ ಸಾವಜಿ ಖಾನಾವಳಿ ಬೇಕು, ಇನ್ನರ್ಧ ಮಂದಿಗೆ ಹುಬ್ಬಳ್ಳಿ ವಿದ್ಯಾನಗರದ ಹೊಸ ಇಟಾಲಿಯನ್ ರೆಸ್ಟೋರೆಂಟ್. "ಸಾವಜಿ ಖಾರ ತಿಂದು ರಾತ್ರಿ ಬೆಂಗಳೂರು ಬಸ್ ಹತ್ತಾಕಾಗಂಗಿಲ್ಲಲೇ" ಅಂತ ಒಬ್ಬ ಬರೆದ ಮೇಲೆ ಇಟಲಿ ಗೆದ್ದಿತು. ಕೊನೆಗೆ ಗದಗಿನ ಗೆಳತಿಯ ಮೆಸೇಜ್: "ಅವ್ವಾರನ್ನೂ ಕರ್ಕೊಂಡ್ ಬಾ. ನೋಡಿ ಭಾಳ ದಿನ ಆತು."

"ಅವರಿಗೆ ಇಂಥಾದ್ದೆಲ್ಲ ಸೇರಂಗಿಲ್ಲ" ಅಂತ ಟೈಪ್ ಮಾಡಿ, ಕಳಿಸದೆ ಅಳಿಸಿದೆ. ಸೇರುತ್ತೋ ಇಲ್ಲವೋ ನಾನು ಕೇಳಿಯೇ ಇರಲಿಲ್ಲ. ಕೇಳಿದಾಗ ಅವ್ವ ಅಂದದ್ದು ಒಂದೇ ಮಾತು: "ಯಾವ ಸೀರಿ ಉಡ್ಲಿ?"

ಇಳಕಲ್ ಸೀರೆ ಉಟ್ಟು ಬಂದಳು. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿದೆವು. ನಡುರಸ್ತೆಯ ತನ್ನದೇ ದಾರಿಯಲ್ಲಿ ಓಡುವ ಈ ಎಸಿ ಬಸ್ಸು 2018ರಲ್ಲಿ ಬಂದ ಮೇಲೆ ಎರಡೂ ಊರು ಇನ್ನೂ ಹತ್ತಿರವಾಗಿವೆ. ನವಲೂರು, ರಾಯಾಪುರ, ನವನಗರ, ಉಣಕಲ್ ಕೆರೆ ದಾಟುವಷ್ಟರಲ್ಲಿ ನಾನು ಅವ್ವನಿಗೆ ಫೋರ್ಕ್ ಹಿಡಿಯೋದು ಹೇಗೆ ಅಂತ ಎರಡು ಸಲ ಹೇಳಿಕೊಟ್ಟಿದ್ದೆ. ಈಗ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ರೆಸ್ಟೋರೆಂಟ್ ಒಳಗೆ ಕಾಲಿಟ್ಟರೆ ಜಾತ್ರೆ! ಒಂದು ಮೂಲೆಯಲ್ಲಿ ಯಾರದೋ ಬರ್ತ್‌ಡೇ, ಇನ್ನೊಂದು ಕಡೆ ಐಡಿ ಕಾರ್ಡ್ ಕೊರಳಲ್ಲೇ ಇರುವ ಆಫೀಸ್ ಗ್ಯಾಂಗ್, ಮೇಲೆ ಹಾಡಿನ ಅಬ್ಬರ. ನಮ್ಮ ಎಂಟು ಜನರಿಗೆ ಎರಡು ಟೇಬಲ್ ಜೋಡಿಸಿಕೊಟ್ಟರು. ಎದುರಿಗೇ ಗಾಜಿನಾಚೆ ಅಡುಗೆಮನೆ. ಅಲ್ಲಿ ಒಬ್ಬ ಹುಡುಗ ಹಿಟ್ಟನ್ನು ಹಗ್ಗದಂತೆ ಹೊಸೆದು, ತುಂಡು ಕತ್ತರಿಸಿ, ಹೆಬ್ಬೆರಳಿನಿಂದ ಒತ್ತಿ ಪುಟ್ಟ ಕಿವಿಯಂತೆ ಮಾಡುತ್ತಿದ್ದ. ಒರೆಕಿಯೆತ್ತೆ ಅಂತ ಆ ಪಾಸ್ತಾದ ಹೆಸರು. ಇಟಾಲಿಯನ್‌ನಲ್ಲಿ ಅರ್ಥವೂ 'ಪುಟ್ಟ ಕಿವಿಗಳು'. ದಕ್ಷಿಣ ಇಟಲಿಯ ಬಾರಿ ಎಂಬ ಊರಿನ ಹಳೆಯ ಓಣಿಯಲ್ಲಿ ಹೆಂಗಸರು ಮನೆ ಮುಂದೆ ಮೇಜು ಹಾಕಿಕೊಂಡು ಇದನ್ನೇ ಮಾಡಿ ಮಾರುತ್ತಾರೆ. ಗೆಳತಿ ಅದರ ವಿಡಿಯೋ ತೋರಿಸಿದಳು.

ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ನಮ್ಮ ಗವಲಿ ಮಾಡ್ದಂಗ ಮಾಡ್ತಾರಲ್ಲೇ!"

ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಮದುವೆ ಮನೆಗಳಲ್ಲಿ ಹೆಂಗಸರು ಕೂತು ಗವಲಿ, ಪರಡಿ, ಬಟವಿ ಅಂತ ಹಿಟ್ಟಿನಲ್ಲಿ ಬಗೆಬಗೆಯ ಆಕಾರ ಮಾಡಿ, ಒಣಗಿಸಿ, ಪಾಯಸಕ್ಕೆ ಇಟ್ಟುಕೊಳ್ಳುತ್ತಾರೆ. ಶಾವಿಗೆಯದ್ದು ಇನ್ನೂ ದೊಡ್ಡ ಕೆಲಸ. ಇಳಿಜಾರಾಗಿ ಇಟ್ಟ ಮಣೆಯ ಮೇಲೆ ಒಬ್ಬಾಕೆ ಹೊಸೆಯಬೇಕು, ಕೆಳಗೆ ಇನ್ನೊಬ್ಬಾಕೆ ಎಳೆ ಹಿಡಿದು ಕೋಲಿಗೆ ಹಾಕಬೇಕು.

ನಾನು ಮೆನು ನೋಡುತ್ತಿದ್ದಾಗ ಪಕ್ಕದ ಕುರ್ಚಿ ಖಾಲಿ. ಅವ್ವ ಸೀದಾ ಅಡುಗೆಮನೆಯ ಕೌಂಟರ್ ಮುಂದೆ ನಿಂತಿದ್ದಳು. ಎದ್ದು ಹೋಗಿ ಕರೆತರಲೇ ಬೇಡವೇ ಅನ್ನುವಷ್ಟರಲ್ಲಿ ಆಕೆಯ ದನಿ ಹಾಡನ್ನೂ ಮೀರಿ ಕೇಳಿಸಿತು.

"ತಮ್ಮಾ, ಇದು ಯಾವ ಗೋಧಿ?"

ಹುಡುಗ ಪ್ಯಾಕೆಟ್ ತಿರುವಿ ನೋಡಿದ. "ದುರಮ್ ಅಂತ ಬರದೈತ್ರೀ."

ದುರಮ್ ಅಂದರೆ ಬೇರೇನಲ್ಲ, ನಮ್ಮ ಬನ್ಸಿ ರವೆಯ ಗೋಧಿ. ಗಟ್ಟಿ ಕಾಳು, ಹಳದಿ ಛಾಯೆ. ಬೇಯಿಸಿದರೂ ಎಳೆ ಮುದ್ದೆಯಾಗುವುದಿಲ್ಲ. ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಇದನ್ನು ಬೆಳೆಯುತ್ತ ಬಂದಿದ್ದಾರೆ. ಬಿಜಗಾ ಯೆಲ್ಲೊ ತಳಿಯ ಹೆಸರನ್ನು ಹಿರಿಯ ರೈತರು ಇವತ್ತಿಗೂ ಹೇಳುತ್ತಾರೆ. ಇಟಲಿಯವರು ಹೆಮ್ಮೆಯಿಂದ ಸೂಪಿಗೆ ಹಾಕುವ ಫಾರೊ ಕೂಡ ನಮ್ಮ ಜವೆ ಗೋಧಿಯದೇ ಜಾತಿ. ಅದರ ಡಿಡಿಕೆ 1025, ಡಿಡಿಕೆ 1029 ತಳಿಗಳನ್ನು ಕೊಟ್ಟಿದ್ದು ಇದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಈ ಗೋಧಿಗಳ ಮಟ್ಟಿಗೆ ನಾವು ಇಟಲಿಯವರ ನೆಂಟರೇ. ಪಿಜ್ಜಾದ ಮಾತು ಬೇರೆ, ಅದಕ್ಕೆ ಅವ್ವ ಪಾಸ್ ಮಾರ್ಕ್ ಅಷ್ಟೇ ಕೊಟ್ಟಳು.

ಹುಡುಗ ಕೌಂಟರ್ ಮೇಲಿಂದ ಒಂದು ಉಂಡೆ ಹಿಟ್ಟು ಕೊಟ್ಟ. ಅವ್ವ ಒತ್ತಿ ನೋಡಿ, "ಇನ್ನೊಂಚೂರು ನಾದಬೇಕಿತ್ತು" ಅಂದವಳೇ ಬೆರಳ ತುದಿಯಲ್ಲಿ ಹೊಸೆಯತೊಡಗಿದಳು. ನಮ್ಮ ಟೇಬಲ್ ಪೂರ್ತಿ ಅಲ್ಲಿಗೆ ಬಂದು ನಿಂತಿತ್ತು. "ಎಲ್ಲೆ ಕಲತ್ರಿ ಅವ್ವಾರ?" ಅಂತ ಗೆಳತಿ ಕೇಳಿದಳು.

"ಮೂವತ್ತ ವರ್ಷ ಮಂದಿ ಮನಿ ಶಾವಿಗಿ ಹೊಸದೀನವಾ. ಇವನ ಕಾಲೇಜ್ ಫೀ ಅದರಾಗ ತುಂಬೀನಿ."

ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನನ್ನನ್ನೇ ನೋಡಿದರು. ಯಾಕಂದ್ರೆ ಅವರಿಗೆ ನಾನು ಹೇಳಿದ್ದು 'ಹೌಸ್‌ವೈಫ್' ಅಂತ. ಬೇಸಿಗೆ ರಜೆಯಲ್ಲಿ ಯಾರಾದರೂ ಮನೆಗೆ ಬರ್ತೀನಿ ಅಂದರೆ ಊರಲ್ಲಿಲ್ಲ ಅನ್ನುತ್ತಿದ್ದೆ. ಆಗ ನಮ್ಮ ಮಾಳಿಗೆ ತುಂಬ ಶಾವಿಗೆ ಕೋಲುಗಳು ಇರುತ್ತಿದ್ದವು.

"ನೀ ಒಮ್ಮೆನೂ ಹೇಳ್ಲಿಲ್ಲಲೇ" ಅಂದ ಒಬ್ಬ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವ್ವನಿಗೆ ಅರ್ಥವಾಯಿತೋ ಏನೋ, "ಅದೇನ್ ಹೇಳೂ ವಿಷಯ? ಊಟ ಆರ್ತೈತಿ ನಡೀರಿ" ಅಂತ ಎಲ್ಲರನ್ನೂ ಟೇಬಲ್‌ಗೆ ಅಟ್ಟಿದಳು.

ಒರೆಕಿಯೆತ್ತೆ ಬಂತು. ಫೋರ್ಕ್ ಬದಿಗಿಟ್ಟು ಅವ್ವ ಚಮಚ ಕೇಳಿದಳು. ಆ ಕಿವಿಗಳಿಗೆ ಚಮಚವೇ ಸರಿ ಅಂತ ಐದು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಯಿತು. ಬಿಲ್ ಬಂದಾಗ ಫೋನ್‌ಗಳು ಹೊರಬಿದ್ದವು, ಪಾಲು ಲೆಕ್ಕ ಹಾಕಿದರು. "ಪ್ಲೇಟಿಗೆ ಎಷ್ಟಪಾ?" ಅಂತ ಅವ್ವ ಮೆಲ್ಲಗೆ ಕೇಳಿದಳು. ಇನ್ನೂರು ಅಂದೆ.

"ನಾನೂರಾ ಎಂಬತ್ತು. ನನಗ ಇಂಗ್ಲಿಷ್ ಬರಂಗಿಲ್ಲ, ಅಂಕಿ ಬರ್ತಾವ."

ಹತ್ತು ಗಂಟೆಗೆ ವಾಪಸ್ ಚಿಗರಿ. ಅವ್ವನ ತೊಡೆ ಮೇಲೆ ಉಳಿದ ಪಿಜ್ಜಾದ ಡಬ್ಬಿ, ಪಕ್ಕದ ಮನೆ ಹುಡುಗಿಗಂತೆ. ಅವಳ ಉಗುರಿನ ಅಂಚಿನಲ್ಲಿ ಹಿಟ್ಟು ಇನ್ನೂ ಒಣಗಿಕೊಂಡಿತ್ತು. ಕ್ಷಮಿಸು ಅನ್ನೋಣ ಅಂತ ಉಣಕಲ್‌ನಿಂದ ನವನಗರದವರೆಗೆ ಬಾಯಿ ತೆರೆದೆ, ಮುಚ್ಚಿದೆ.

"ಆ ಹುಡುಗ ಕಲಘಟಗಿ ಕಡಿಯಾಂವಂತ" ಅಂದಳು ಅವ್ವ. "ಹನ್ನೊಂದಾದ ಮ್ಯಾಲೆ ಬಿಡ್ತಾರಂತ. ಅಷ್ಟೊತ್ತಿಗೆ ಊರಿಗೆ ಬಸ್ ಸಿಗತೈತೇನು? ನಿನ್ನ ಫೋನಿನ್ಯಾಗ ನೋಡು."

ಫೋನ್ ತೆಗೆದು ಹುಡುಕತೊಡಗಿದೆ.